ಇಶಾಪುರದ ರೈಫಲ್ಲಿಗೆ ಒಂದು ಪುಟ್ಟ ಸ್ಪ್ರಿಂಗು

ಬೋಲ್ಟನ್ನು ಹಿಂದಕ್ಕೆ ಎಳೆದಾಗ ಖಾಲಿ ತೋಟಾ ಬಲಕ್ಕೆ ಚಿಮ್ಮಿ ನೆಲಕ್ಕೆ ಬೀಳಬೇಕು. ಈ ರೈಫಲ್ಲಿನಲ್ಲಿ ಚಿಮ್ಮಲಿಲ್ಲ. ಚೇಂಬರಿನಿಂದೇನೋ ಹೊರಗೆ ಬಂತು, ಆದರೆ ಅರ್ಧ ದಾರಿಯಲ್ಲೇ ಕೊಕ್ಕೆಯಿಂದ ಜಾರಿ, ಮ್ಯಾಗಜೀನಿನಲ್ಲಿ ಸರದಿಗೆ ಕಾದಿದ್ದ ಮುಂದಿನ ತೋಟಾದ ಬೆನ್ನ ಮೇಲೆ ಅಡ್ಡಡ್ಡ ಮಲಗಿಬಿಟ್ಟಿತು. ಬೋಲ್ಟನ್ನು ಮುಂದಕ್ಕೆ ತಳ್ಳಿದರೆ ಎರಡೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ನನ್ನ ಬಾವ ಬೋಲ್ಟನ್ನು ಹಿಂದೆಯೇ ಬಿಟ್ಟು, ನಳಿಗೆಯನ್ನು ಗುರಿಯ ದಿಕ್ಕಿನಿಂದ ಕದಲಿಸದೆ, ರೈಫಲ್ಲನ್ನು ಬಲಕ್ಕೆ ಓರೆ ಮಾಡಿದರು. ಹಿತ್ತಾಳೆಯ ಖಾಲಿ ತೋಟಾ ಬೆಂಚಿನ ಮೇಲೆ ಟಣ್ಣೆಂದು ಬಿತ್ತು. ಮುಂದಿನ ಗುಂಡಿಗೂ ಅದೇ ಪಾಡು. ಅದರ ಮುಂದಿನದು ಸರಾಗವಾಗಿ ಹಾರಿತು, ಆಮೇಲೆ ಮತ್ತೆ ಹಳೆಯ ಕಥೆ.

ಟೆಕ್ಸಾಸಿನ ಆಸ್ಟಿನ್ ನಗರದಾಚೆ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಇರುವ ಶೂಟಿಂಗ್ ರೇಂಜ್ ಅದು. ತಗಡಿನ ಮಾಡು, ಸಾಲಾಗಿ ಸಿಮೆಂಟ್ ಬೆಂಚುಗಳು, ಎದುರಿಗೆ ಮಣ್ಣಿನ ದಿಬ್ಬ. ಬೆಳಗಿನ ಹೊತ್ತಿಗೇ ಸೆಕೆ ಏರಿತ್ತು. ಪ್ರತಿಯೊಬ್ಬರ ಕಿವಿಗೂ ಮುಚ್ಚಳ, ಕಣ್ಣಿಗೆ ಕನ್ನಡಕ. ಬಾವ ಸಕಲೇಶಪುರದ ಕಡೆಯವರು. ಅವರ ಅಜ್ಜನ ತೋಟದ ಮನೆಯಲ್ಲಿ ಜೋಡುನಳಿಗೆ ಕೋವಿಯೊಂದಿತ್ತು. ಬೆಳೆ ರಕ್ಷಣೆಯ ಲೈಸೆನ್ಸಿನದು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರಬೇಕಾದದ್ದು. ಕೋವಿಯನ್ನು ಬಿಚ್ಚಿ ಒರೆಸಿ ಎಣ್ಣೆ ಹಾಕಿ ತಿರುಗಿ ಜೋಡಿಸುವ ಶಿಸ್ತು ಅವರಿಗೆ ಬಂದದ್ದು ಆ ಮನೆಯಿಂದಲೇ. ಆದರೆ ಈಗ ಕೈಯಲ್ಲಿದ್ದದ್ದು ತೋಟದ ಕೋವಿಯಲ್ಲ, ತ್ರೀ ನಾಟ್ ತ್ರೀ. ನಮ್ಮಲ್ಲಿ ಅದು ನಿಷೇಧಿತ ಬೋರ್, ಸಾಮಾನ್ಯ ಜನ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಸೇನೆಗಳು ಮಾರಿದ ಹಳೆಯ ರೈಫಲ್‌ಗಳನ್ನು ಸಂಗ್ರಹಿಸುವ ದೊಡ್ಡ ಬಳಗವೇ ಇದೆ, ಅಂಥ ಒಬ್ಬರಿಂದ ಬಾವ ಇದನ್ನು ಕೊಂಡಿದ್ದರು.

ಬೋಲ್ಟಿನ ಹಿಡಿಕೆಯ ಕೆಳಗೆ, ಮರದ ಹಿಂಗಟ್ಟು ಸೇರುವ ಉಕ್ಕಿನ ಪಟ್ಟಿಯ ಮೇಲೆ ಬಲಗಡೆ ಮುದ್ರೆಗಳಿವೆ. ಮೇಲೆ ಕಿರೀಟ, ಅದರಡಿ ಆರನೆಯ ಜಾರ್ಜ್ ದೊರೆಯ ಮೂರಕ್ಷರ, ಅದರಡಿ ಇಶಾಪುರ, 1943, ನಂಬರ್ 1 ಮಾರ್ಕ್ 3 ಸ್ಟಾರ್. ಹೂಗ್ಲಿ ದಂಡೆಯ ಕಾರ್ಖಾನೆಯಲ್ಲಿ ಬಂಗಾಳದ ಕೆಲಸಗಾರರ ಕೈಯಲ್ಲಿ ಹುಟ್ಟಿದ ರೈಫಲ್ಲಿದು. ಉಕ್ಕಿಗೆಲ್ಲ ದಪ್ಪ ಕಪ್ಪು ಬಣ್ಣ ಬಳಿದಿದ್ದಾರೆ. ಮುಂಗಟ್ಟಿನ ಮರ ಸೀಳಬಾರದೆಂದು ಅಡ್ಡಕ್ಕೆ ಒಂದು ಸ್ಕ್ರೂ ತೂರಿಸಿದ್ದಾರೆ, ಆ ಸ್ಕ್ರೂ ಕಂಡರೆ ಸಾಕು, ಇದು ಭಾರತದಲ್ಲಿ ದುಡಿದ ರೈಫಲ್ ಎಂದು ಬಲ್ಲವರು ಹೇಳಿಬಿಡುತ್ತಾರೆ. ಹಿಂಗಟ್ಟಿನ ಮರದಲ್ಲಿ ಕೆನ್ನೆ ಒರಗುವ ಜಾಗ ನುಣುಪಾಗಿದೆ. ಯಾವ ಯಾವ ಪಡೆಯ ಯಾವ ಜವಾನರ ಕೆನ್ನೆಯೋ.

ಇದರ ಮೂಲವಾದ ಮಾರ್ಕ್ 3 ಮಾದರಿ ಬ್ರಿಟಿಷ್ ಸೇನೆಗೆ ಬಂದದ್ದು 1907ರಲ್ಲಿ. ಬೋಲ್ಟು ಮತ್ತು ಮ್ಯಾಗಜೀನಿನ ಮೂಲ ಕಲ್ಪನೆ ಜೇಮ್ಸ್ ಪ್ಯಾರಿಸ್ ಲೀ ಎಂಬ ಸ್ಕಾಟ್ಲೆಂಡ್ ಸಂಜಾತನದು, ಕಾರ್ಖಾನೆಯ ಹೆಸರು ಲಂಡನ್ನಿನ ಉತ್ತರದ ಎನ್‌ಫೀಲ್ಡಿನದು, ಹೀಗೆ ಇದು ಲೀ-ಎನ್‌ಫೀಲ್ಡ್. ಎರಡು ಮಹಾಯುದ್ಧಗಳಲ್ಲಿ ಭಾರತೀಯ ಸಿಪಾಯಿ ಹೊತ್ತದ್ದು ಇದನ್ನೇ. 1962ರಲ್ಲಿ ಹಿಮಾಲಯದ ಚಳಿಯಲ್ಲಿ ಚೀನೀಯರ ಎದುರು ನಿಂತ ನಮ್ಮ ಜವಾನರ ಕೈಯಲ್ಲಿದ್ದದ್ದೂ .303. ಆಮೇಲೆ ಅದು ಪೊಲೀಸರಿಗೆ, ಎನ್‌ಸಿಸಿ ಕವಾಯತಿಗೆ ಇಳಿಯಿತು. ಉತ್ತರ ಪ್ರದೇಶದ ಪೊಲೀಸರು ಇದನ್ನು ಬೀಳ್ಕೊಟ್ಟದ್ದು 2020ರ ಗಣರಾಜ್ಯೋತ್ಸವದಲ್ಲಿ. ಇಷ್ಟು ಕಾಲ ಇಷ್ಟು ಕೈಗಳಲ್ಲಿ ದುಡಿದ ಯಂತ್ರ ಖಾಲಿ ತೋಟಾ ಎಸೆಯಲು ತಡವರಿಸಿದರೆ, ಯಂತ್ರ ಕೆಟ್ಟಿತೆಂದು ತೀರ್ಮಾನಿಸುವ ಮೊದಲು ಅದು ಹೇಗೆ ಎಸೆಯುತ್ತದೆಂದು ತಿಳಿಯಬೇಕು.

ಬಾವನ ಗ್ಯಾರೇಜಿನ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿತ್ತು. ಮೊದಲ ಕೆಲಸ ಮ್ಯಾಗಜೀನ್ ತೆಗೆದಿಡುವುದು. ಚೇಂಬರಿಗೆ ಕಣ್ಣು ಹಾಯಿಸಿದರು, ಕಣ್ಣು ನಂಬದೆ ಕಿರುಬೆರಳನ್ನೂ ತೂರಿಸಿ ನೋಡಿದರು. ಜೀವಂತ ತೋಟಾಗಳ ಡಬ್ಬಿ ಆ ಕೋಣೆಯಲ್ಲೇ ಇರಲಿಲ್ಲ. ಪರೀಕ್ಷೆಗೆ ಬೇಕಾದದ್ದು ಮದ್ದಿಲ್ಲದ ಕವಾಯತಿನ ತೋಟಾಗಳು ಮತ್ತು ರೇಂಜಿನಿಂದ ತಂದ ಖಾಲಿಗಳು. ಆಮೇಲೆ ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು, ಅದರ ತಲೆಯನ್ನು ಬೆರಳಿನಿಂದ ಮೇಲಕ್ಕೆ ಎಬ್ಬಿಸಿದರು. ಇಡೀ ಬೋಲ್ಟು ಕೈಗೆ ಬಂತು.

‘ಇಲ್ಲಿ ನೋಡು ಮಾರಾಯ, ಎಲ್ಲ ಆಟ ಇಷ್ಟರಲ್ಲೇ’ ಎಂದರು.

ಲೀ-ಎನ್‌ಫೀಲ್ಡಿನ ಬೋಲ್ಟಿನ ತಲೆ ಬೇರೆಯೇ ತುಂಡು, ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಅದರ ಬಲಪಕ್ಕದಲ್ಲಿ ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆ. ಒಂದು ಚಿಕ್ಕ ಸ್ಕ್ರೂ ಅದಕ್ಕೆ ಕೀಲು. ಕೊಕ್ಕೆಯನ್ನು ಒತ್ತಿ ಹಿಡಿಯುವುದು ಮಡಿಸಿದ ಉಕ್ಕಿನ ಪಟ್ಟಿಯ ಪುಟ್ಟ ಸ್ಪ್ರಿಂಗು. .303 ತೋಟಾದ ಬುಡಕ್ಕೆ ಹೊರಚಾಚಿದ ಅಂಚಿರುತ್ತದೆ, ಕೊಕ್ಕೆ ಕಚ್ಚುವುದು ಆ ಅಂಚನ್ನು. ಬೋಲ್ಟು ಹಿಂದೆ ಸರಿಯುವಾಗ ಸ್ಪ್ರಿಂಗಿನ ಒತ್ತಡಕ್ಕೆ ಖಾಲಿ ತೋಟಾ ಎಡಗೋಡೆಗೆ ಒತ್ತಿಕೊಂಡೇ ಬರುತ್ತದೆ. ಆ ಗೋಡೆಯಲ್ಲಿ ಹಿಂದುಗಡೆ ಇಜೆಕ್ಟರ್ ಸ್ಕ್ರೂ ಎಂಬ ಸಣ್ಣ ಮೊಳೆಯ ತುದಿ ಒಳಕ್ಕೆ ಚಾಚಿದೆ. ತೋಟಾದ ಎಡ ಅಂಚು ಅದಕ್ಕೆ ತಾಗಿದ ಕೂಡಲೇ ಬಲ ಅಂಚು ಕೊಕ್ಕೆಯ ಮೇಲೆ ತಿರುಗಿ, ತೋಟಾ ಬಲಕ್ಕೆ ಹಾರುತ್ತದೆ. ಬಹಳ ಜನ ಸ್ಕ್ರೂವನ್ನೇ ದೂರುತ್ತಾರೆ. ವಾಸ್ತವದಲ್ಲಿ ಅದು ಸಹಾಯಕ ಮಾತ್ರ. ಸ್ಕ್ರೂ ಇಲ್ಲದ ರೈಫಲ್ಲೂ ಎಷ್ಟೋ ಸಲ ಎಸೆಯುತ್ತದೆ, ಸ್ಪ್ರಿಂಗು ಸೋತ ರೈಫಲ್ ಹೊಸ ಸ್ಕ್ರೂ ಹಾಕಿದರೂ ತಡವರಿಸುತ್ತದೆ.

ಕೊಕ್ಕೆ ಕೂರುವ ತೋಡಿನಲ್ಲಿ ಕಂದುಬಣ್ಣದ ಗ್ರೀಸು ಹಲಸಿನ ಮೇಣದ ಹಾಗೆ ಗಟ್ಟಿಯಾಗಿತ್ತು. ಗೋದಾಮಿನಲ್ಲಿ ವರ್ಷಗಟ್ಟಲೆ ತುಕ್ಕು ಹಿಡಿಯಬಾರದೆಂದು ಮೆತ್ತಿದ್ದು, ಆಮೇಲೆ ಯಾರೂ ಪೂರ್ತಿ ತೆಗೆದಿರಲಿಲ್ಲ. ಎನ್‌ಫೀಲ್ಡಿಗೂ ಕೊಬ್ಬು-ಗ್ರೀಸಿಗೂ ನಮ್ಮ ನೆಲದಲ್ಲಿ ಹಳೆಯ ನಂಟಿದೆ. 1857ರಲ್ಲಿ ಅಂದಿನ ಎನ್‌ಫೀಲ್ಡ್ ರೈಫಲ್ಲಿನ ತೋಟಾಕ್ಕೆ ಹಸು-ಹಂದಿಯ ಕೊಬ್ಬು ಸವರಿದ್ದಾರೆಂಬ ಮಾತು ಹಬ್ಬಿ ಮಂಗಲ್ ಪಾಂಡೆ ಸಿಡಿದೆದ್ದ ಬರಾಕ್‌ಪುರದ ದಂಡುಪ್ರದೇಶ ಇಶಾಪುರಕ್ಕೆ ಅಕ್ಕಪಕ್ಕದ್ದೇ.

ಹಳೆಯ ಟೂತ್‌ಬ್ರಷ್ ಮತ್ತು ಸೀಮೆಎಣ್ಣೆಯಂಥ ದ್ರಾವಣದಲ್ಲಿ ಬೋಲ್ಟಿನ ತಲೆಯನ್ನು ತೊಳೆದರು. ಗ್ಯಾರೇಜಿನ ಬಾಗಿಲು ತೆರೆದೇ ಇತ್ತು, ಆ ವಾಸನೆ ಮುಚ್ಚಿದ ಕೋಣೆಯಲ್ಲಿ ಆಗುವುದಿಲ್ಲ. ಬಟ್ಟಲಿನ ದ್ರಾವಣ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಕೊಕ್ಕೆಯ ಹಲ್ಲು ಈಗ ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಭೂತಗನ್ನಡಿ ಹಿಡಿದು ನೋಡಿದೆವು. ಹಲ್ಲು ಮುರಿದಿರಲಿಲ್ಲ, ಅಂಚು ಕೊಂಚ ಸವೆದಿದ್ದರೂ ಕಚ್ಚುವಷ್ಟು ಚೂಪಿತ್ತು. ಖಾಲಿ ತೋಟಾಗಳೂ ತಮ್ಮ ಸಾಕ್ಷಿ ಹೇಳಿದವು. ಸರಾಗವಾಗಿ ಹಾರಿದವುಗಳ ಅಂಚಿನಲ್ಲಿ ಕೊಕ್ಕೆಯ ಗುರುತು ಒತ್ತಾಗಿ ಮೂಡಿತ್ತು, ಒಳಗೇ ಬಿದ್ದವುಗಳಲ್ಲಿ ಹಲ್ಲು ಜಾರಿದ ಉದ್ದನೆಯ ಗೀರು. ಹೊಸ ಹಿತ್ತಾಳೆಯ ಮೇಲಿನ ಆ ಗೀರನ್ನು ಬೆಳಕಿಗೆ ಓರೆ ಮಾಡಿ ಹಿಡಿದಾಗಲೇ ದೋಷ ಎಲ್ಲಿದೆಯೆಂದು ಬಾವನಿಗೆ ಹೊಳೆದದ್ದು. ರೇಂಜಿನಲ್ಲಿ ಖಾಲಿ ತೋಟಾಗಳನ್ನು ಗುಡಿಸಿ ತೊಟ್ಟಿಗೆ ಹಾಕುವವರು ಅವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಬೇಕು. ರೈಫಲ್ಲಿನ ಒಳಗೆ ಏನು ನಡೆಯಿತೆಂಬುದರ ಬರಹ ಇರುವುದು ಅವುಗಳ ಮೈಮೇಲೆ.

ತೊಳೆದು ಒಣಗಿಸಿ, ಬೋಲ್ಟನ್ನು ಕೈಯಲ್ಲೇ ಅಡ್ಡ ಹಿಡಿದು, ಖಾಲಿ ತೋಟಾದ ಅಂಚನ್ನು ಕೊಕ್ಕೆಗೆ ಸಿಕ್ಕಿಸಿದರು. ಸ್ಪ್ರಿಂಗು ಸರಿಯಿದ್ದರೆ ತೋಟಾ ಬೋಲ್ಟಿನ ಮುಖಕ್ಕೆ ಒತ್ತಿಕೊಂಡು ನೆಟ್ಟಗೆ ನಿಲ್ಲಬೇಕು. ಇದು ಮೂತಿ ಕೆಳಗೆ ಮಾಡಿ ಜೋತುಬಿತ್ತು. ಮಣಿಕಟ್ಟನ್ನು ತುಸು ಅಲುಗಿಸಿದರೆ ಉದುರಿಯೇ ಹೋಯಿತು. ಗ್ರೀಸು ಹೋಗಿದ್ದರಿಂದ ಕೊಕ್ಕೆ ಸಡಿಲವಾಗಿ ಆಡುತ್ತಿತ್ತು, ಆದರೆ ಅದನ್ನು ಒತ್ತುವ ಬಲ ಉಳಿದಿರಲಿಲ್ಲ.

ಹೊಸ ಸ್ಪ್ರಿಂಗು ಹಳೆಯ ಬಿಡಿಭಾಗಗಳ ವ್ಯಾಪಾರಿಯಿಂದ ಅಂಚೆಯಲ್ಲಿ ಬಂತು. ಕಿರುಬೆರಳ ಉಗುರಿಗೆ ಸಮನಾದ ಆ ಪಟ್ಟಿಯನ್ನು ಕೂರಿಸುವುದು ತಾಳ್ಮೆಯ ಕೆಲಸ. ಮಡಿಕೆ ಕೈಯಿಂದ ಜಾರಿದರೆ ಎಲ್ಲಿ ಹಾರುತ್ತದೋ ಹೇಳಲಾಗದು, ಕಣ್ಣಿಗೂ ತಾಗಬಹುದು. ಬಾವ ಕನ್ನಡಕ ಹಾಕಿಕೊಂಡು, ಎರಡೂ ಕೈಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡೇ ಕೂರಿಸಿದರು. ಕೊಕ್ಕೆಯ ಸ್ಕ್ರೂ ಬಿಗಿದು ಮತ್ತೆ ಖಾಲಿ ತೋಟಾ ಸಿಕ್ಕಿಸಿದರೆ, ಈ ಸಲ ಅಲುಗಿಸಿದರೂ ಬಿಡಲಿಲ್ಲ.

ಎಡಗೋಡೆಯ ಇಜೆಕ್ಟರ್ ಸ್ಕ್ರೂವನ್ನು ಹುಡುಕುವುದೇ ಕಷ್ಟವಾಯಿತು. ಹೊರಗಿನ ತಲೆಯ ಸೀಳು ಇಶಾಪುರದ ಕಪ್ಪು ಬಣ್ಣದಲ್ಲಿ ಮುಚ್ಚಿಹೋಗಿತ್ತು. ಅದನ್ನು ಕೆರೆಯದೆ ಬಿಟ್ಟೆವು; ಒಳಗಿನ ತುದಿ ಬೆರಳಿಗೆ ತಾಕುತ್ತಿತ್ತು, ಅಷ್ಟು ಸಾಕಿತ್ತು.

ಇನ್ನೊಂದು ಕಾರಣ ಉಕ್ಕಿನದಲ್ಲ, ಕೈಯದು. ಬೇರೆ ಹಲವು ಬೋಲ್ಟ್ ರೈಫಲ್‌ಗಳಲ್ಲಿ ಹಿಡಿಕೆ ಎತ್ತುವಾಗಲೇ ಒಳಗಿನ ದೊಡ್ಡ ಸ್ಪ್ರಿಂಗು ಬಿಗಿಯಾಗುತ್ತದೆ. ಲೀ-ಎನ್‌ಫೀಲ್ಡಿನಲ್ಲಿ ಅದು ಬಿಗಿಯಾಗುವುದು ಬೋಲ್ಟನ್ನು ಮುಂದಕ್ಕೆ ತಳ್ಳುವಾಗ. ಹೀಗಾಗಿ ಹಿಂದಕ್ಕೆ ಎಳೆಯುವುದು ಬಹಳ ಹಗುರ. ಹಗುರವಾದ್ದರಿಂದ ಮೆಲ್ಲಗೆ ಎಳೆಯುವ ಚಟ ಬೀಳುತ್ತದೆ, ಹಿತ್ತಾಳೆ ಕೇಸುಗಳನ್ನು ಮತ್ತೆ ತುಂಬಿ ಬಳಸುವವರಂತೂ ಅವು ನೆಗ್ಗಬಾರದೆಂದು ಇನ್ನೂ ಮೆಲ್ಲಗೆ. ಅಂಚು ಮೊಳೆಗೆ ಮೆಲ್ಲಗೆ ತಾಗಿದರೆ ತೋಟಾ ಹಾರದು, ಉರುಳುತ್ತದೆ. ಈ ರೈಫಲ್ ಇದ್ದದ್ದು ಒಂದು ನಿಮಿಷದಲ್ಲಿ 300 ಗಜ ದೂರದ ಗುರಿಗೆ 15 ಗುಂಡು ಹಾರಿಸಬೇಕಿದ್ದ ಸಿಪಾಯಿಯ ಕೈಯಲ್ಲಿ. ಅದು ಕೇಳುವುದು ಗಟ್ಟಿಯಾದ, ಕೊನೆಯವರೆಗಿನ ಎಳೆತವನ್ನು. ಕವಾಯತಿನ ತೋಟಾ ತುಂಬಿ ಬಾವ ಹಾಗೆ ಎಳೆದಾಗ ಅದು ಮೇಜು ದಾಟಿ ಅಕ್ಕನ ಬಟ್ಟೆಯ ಬುಟ್ಟಿಗೆ ಬಿತ್ತು.

ತೋಟಾ ಹೊರಕ್ಕೆ ಹಾರದಿರುವುದು ಒಂದು ತೊಂದರೆ, ಚೇಂಬರಿನಿಂದ ಕೀಳಲಿಕ್ಕೇ ಬಾರದಿರುವುದು ಇನ್ನೊಂದು. ಇವೆರಡನ್ನು ಕಲಸಬಾರದು. ಹಿಡಿಕೆ ಎತ್ತಲು ಅಂಗೈಯಿಂದ ಗುದ್ದಬೇಕಾದರೆ, ಖಾಲಿ ತೋಟಾದ ಮೈಯಲ್ಲಿ ಬಿರುಕೋ ಬುಡದ ಹತ್ತಿರ ಸುತ್ತಲೂ ಹೊಳೆಯುವ ಗೆರೆಯೋ ಕಂಡರೆ, ಅಲ್ಲಿಗೆ ಗುಂಡು ಹಾರಿಸುವುದನ್ನು ನಿಲ್ಲಿಸಬೇಕು. ಹಳೆಯ ಸೇನಾ ತೋಟಾಗಳ ಪ್ರೈಮರ್ ಬಿಡುವ ಉಪ್ಪು ಎಣ್ಣೆಗೆ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಸಿಪಾಯಿಗಳು ನಳಿಗೆಗೆ ಕುದಿನೀರು ಸುರಿಯುತ್ತಿದ್ದದ್ದು ಇದಕ್ಕೇ. ಹಾಗೆ ತೊಳೆಯದ ಚೇಂಬರು ಒಳಗೇ ತುಕ್ಕು ತಿಂದು ಒರಟಾಗಿರುತ್ತದೆ, ತೋಟಾ ಅದರಲ್ಲಿ ಕಚ್ಚಿಕೊಳ್ಳುತ್ತದೆ. ಬೋಲ್ಟಿನ ಹಿಡಿಕೆಯ ಮೇಲಿನ ಸಂಖ್ಯೆಯೂ ಬಾಡಿಯ ಮೇಲಿನ ಸಂಖ್ಯೆಯೂ ಬೇರೆಬೇರೆಯಾಗಿದ್ದರೆ, ಬಂದೂಕು ರಿಪೇರಿ ಬಲ್ಲವರು ಗೇಜು ಹಾಕಿ ಅಳೆಯುವ ತನಕ ಅದಕ್ಕೆ ತೋಟಾ ತುಂಬಬಾರದು. ನಮ್ಮದರಲ್ಲಿ ಸಂಖ್ಯೆಗಳು ಹೊಂದುತ್ತಿದ್ದವು, ಆದರೂ ಬಾವ ರಿಪೇರಿಯವರ ಬಳಿ ಗೇಜು ಹಾಕಿಸಿಯೇ ಮತ್ತೆ ರೇಂಜಿಗೆ ಒಯ್ದರು. ಅಲ್ಲಿ ಖಾಲಿಗಳೆಲ್ಲ ಬಲಕ್ಕೆ, ಬೆಂಚಿನಾಚೆ, ಹತ್ತಿರಹತ್ತಿರವೇ ಬಿದ್ದವು.

ಹಳೆಯ ಸೇನಾ ರೈಫಲ್ ಕೊಂಡ ಹೊಸಬರು ತೋಟಾ ಸಿಕ್ಕಿಕೊಂಡ ಕೂಡಲೇ ಅರ ಕೈಗೆತ್ತಿಕೊಂಡು ಕೊಕ್ಕೆಯನ್ನೋ ಬೋಲ್ಟಿನ ಮುಖವನ್ನೋ ಉಜ್ಜುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ತೊಳೆಯಿರಿ, ಆಮೇಲೆ ಸ್ಪ್ರಿಂಗು ನೋಡಿ, ಆಮೇಲೆ ನಿಮ್ಮ ಎಳೆತ ನೋಡಿಕೊಳ್ಳಿ. ಕೊಕ್ಕೆ, ಸ್ಪ್ರಿಂಗು, ಸ್ಕ್ರೂ ಮೂರೂ ಇವತ್ತಿಗೂ ಬಿಡಿಬಿಡಿಯಾಗಿ ಸಿಗುತ್ತವೆ. ಬೇಕಿದ್ದರೆ ಅವನ್ನು ಬದಲಿಸಿ, 1943ರ ಉಕ್ಕಿಗೆ ಅರ ಹಾಕಬೇಡಿ.