ಸಹಿಸುವುದಕ್ಕೂ ತೆಗೆಸುವುದಕ್ಕೂ ನಡುವೆ

ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್, ಅಂದರೆ ಆರೆಂಟು ಟೀ ಚಮಚ. 80 ದಾಟಿದರೆ ಅತಿಸ್ರಾವ ಎನ್ನುತ್ತವೆ ಹಳೆಯ ಪುಸ್ತಕಗಳು. ಆದರೆ ಅಳೆಯುವವರು ಯಾರು? ಗಂಟೆ, ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು, ರಾತ್ರಿ ಎದ್ದೆದ್ದು ಹಾಸಿಗೆ ನೋಡಿಕೊಳ್ಳಬೇಕು, ದೊಡ್ಡ ರಕ್ತದ ಹೆಪ್ಪುಗಳು ಬೀಳುತ್ತವೆ, ಏಳು ದಿನವಾದರೂ ನಿಲ್ಲುವುದಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ಇಷ್ಟಿದ್ದರೆ ಅಳತೆಯ ಲೋಟ ಬೇಕಿಲ್ಲ. ದಿನದ ಬದುಕಿಗೆ ಅಡ್ಡ ಬಂದರೆ ಅದು ಅತಿಸ್ರಾವವೇ.

ಈಗ ನೋವಿನ ಮಾತು. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. (1930ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಇದನ್ನು ವೀರ್ಯದಲ್ಲಿ ಕಂಡು, ಪ್ರಾಸ್ಟೇಟ್ ಗ್ರಂಥಿಯದೆಂದು ತಿಳಿದು ಈ ಹೆಸರಿಟ್ಟರು. ಹೆಂಗಸರ ಹೊಟ್ಟೆನೋವಿಗೆ ಗಂಡಸರ ಗ್ರಂಥಿಯ ಹೆಸರು!) ಈ ಪ್ರೊಸ್ಟಗ್ಲಾಂಡಿನ್ ಗರ್ಭಕೋಶದ ಸ್ನಾಯುವನ್ನು ಹಿಂಡುತ್ತದೆ. ಹಿಂಡಿದಾಗ ರಕ್ತನಾಳಗಳು ಮುಚ್ಚಿಕೊಂಡು ಸ್ನಾಯುವಿಗೆ ಆಮ್ಲಜನಕ ಸಾಲದಾಗುತ್ತದೆ. ಬಿಗಿಯಾಗಿ ದಾರ ಸುತ್ತಿದ ಬೆರಳು ನೋಯುವ ಹಾಗೆ ಅದು ನೋಯುತ್ತದೆ. ಇದೇ ವಸ್ತು ಕರುಳನ್ನೂ ಕೆಣಕುವುದರಿಂದ ಕೆಲವರಿಗೆ ವಾಂತಿ, ಭೇದಿಯೂ ಆಗುತ್ತವೆ.

ಮೆಫೆನಮಿಕ್ ಆಮ್ಲ, ಐಬುಪ್ರೊಫೆನ್‌ನಂಥ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಕೆರೆಯ ತೂಬು ಮುಚ್ಚಿದ ಹಾಗೆ. ಆದರೆ ಗದ್ದೆಗೆ ಆಗಲೇ ನುಗ್ಗಿದ ನೀರನ್ನು ತೂಬು ಮುಚ್ಚಿ ಹಿಂದಕ್ಕೆ ತರಲಾದೀತೆ? ‘ಆದಷ್ಟು ತಡ್ಕೊ, ಆಗದೇ ಹೋದ್ರೆ ಮಾತ್ರೆ ನುಂಗು’ ಎನ್ನುವ ಅಮ್ಮಂದಿರ ಬುದ್ಧಿವಾದ ತಲೆಕೆಳಗಾಗುವುದು ಇದರಿಂದಲೇ. ನೋವು ಶುರುವಾಗುತ್ತಲೇ, ಇಲ್ಲವೇ ಅದಕ್ಕೂ ಮೊದಲೇ ನುಂಗಿ, ವೈದ್ಯರು ಹೇಳಿದಂತೆ ಎರಡು ಮೂರು ದಿನ ಹೊತ್ತುಹೊತ್ತಿಗೆ ಮುಂದುವರಿಸಬೇಕು. ಇದರಿಂದ ಗರ್ಭಕೋಶ ಕೆಡುವುದಿಲ್ಲ, ಮಕ್ಕಳಾಗುವುದು ತಪ್ಪುವುದಿಲ್ಲ. ಸ್ರಾವವೂ ಒಂದಿಷ್ಟು ತಗ್ಗುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ, ಆಸ್ತಮಾ ಇದ್ದವರು ಮಾತ್ರ ಕೇಳದೆ ನುಂಗಬಾರದು. ಮಾತ್ರೆಗೆ ಜಗ್ಗದ, ವರ್ಷದಿಂದ ವರ್ಷಕ್ಕೆ ಏರುವ ನೋವಿನ ಹಿಂದೆ ಗರ್ಭಕೋಶದ ಗಡ್ಡೆಯೋ ಎಂಡೊಮೆಟ್ರಿಯೋಸಿಸ್ಸೋ (ಒಳಪದರದಂಥ ಪದರ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇರಬಹುದು. ಅದಕ್ಕೆ ತಪಾಸಣೆಯೇ ಆಗಬೇಕು.

ಸ್ರಾವಕ್ಕೆಂದೇ ಇರುವುದು ಟ್ರಾನೆಕ್ಸಾಮಿಕ್ ಆಮ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಕಂಡುಹಿಡಿದದ್ದು. ಹೆಪ್ಪುಗಟ್ಟಿದ ರಕ್ತವನ್ನು ದೇಹ ಬೇಗನೆ ಕರಗಿಸಿಬಿಡುವುದನ್ನು ಇದು ತಡೆಯುತ್ತದೆ. ಹಾರ್ಮೋನ್ ಅಲ್ಲ, ಹೆಚ್ಚು ಹೋಗುವ ದಿನಗಳಲ್ಲಿ ಮಾತ್ರ ಸಾಕು, ಸ್ರಾವ ಅರ್ಧದಷ್ಟಕ್ಕೆ ಇಳಿಯುವುದುಂಟು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿದ್ದರೆ ಇದು ಸಲ್ಲದು. ಹಾರ್ಮೋನ್ ಗುಳಿಗೆಗಳೂ ಇವೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ, ಹಾರ್ಮೋನ್ ಅಲ್ಲದ ಆರ್ಮೆಲಾಕ್ಸಿಫೀನ್ ಕೂಡ ನಮ್ಮ ದೇಶದಲ್ಲಿ ಇದಕ್ಕೆ ಬಳಕೆಯಲ್ಲಿದೆ.

ಇನ್ನು ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ. ಹೆಸರೆತ್ತಿದರೆ ಸಾಕು, ‘ಅಯ್ಯೋ, ನಮ್ಮ ಅತ್ತಿಗೆಗೆ ಕಾಪರ್-ಟಿ ಹಾಕಿಸಿ ಇನ್ನೂ ಜಾಸ್ತಿಯಾಯ್ತು’ ಎನ್ನುತ್ತಾರೆ. ಅತ್ತಿಗೆಯ ಮಾತು ಸುಳ್ಳಲ್ಲ. ತಾಮ್ರದ ವಂಕಿ ಸ್ರಾವ ಹೆಚ್ಚಿಸಬಲ್ಲದು. ಹಾರ್ಮೋನ್ ವಂಕಿ ಬೇರೆ. ಇದರಲ್ಲಿರುವ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಚೂರುಚೂರೇ ಇಳಿದು ಒಳಪದರ ಬೆಳೆಯದಂತೆ ನೋಡಿಕೊಳ್ಳುತ್ತದೆ. ಪದರವೇ ತೆಳುವಾದಮೇಲೆ ಉದುರುವುದಕ್ಕೇನಿದೆ? ಸ್ರಾವ ನೂರಕ್ಕೆ ತೊಂಬತ್ತರಷ್ಟು ಇಳಿದದ್ದುಂಟು, ನೋವೂ ತಗ್ಗುತ್ತದೆ. ಆದರೆ ಮೊದಲ ಮೂರರಿಂದ ಆರು ತಿಂಗಳು ಆಗಾಗ ಹನಿಹನಿ ಕಾಣಿಸಿಕೊಳ್ಳುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ತೆಗೆಸಿಬಿಡುತ್ತಾರೆ, ಗುಣ ಕಾಣುವ ಮೊದಲೇ.

ಮಕ್ಕಳು ಸಾಕೆಂದವರಿಗೆ ಒಳಪದರವನ್ನಷ್ಟೇ ಸುಡುವ ಚಿಕಿತ್ಸೆಯಿದೆ. ಗಡ್ಡೆಯಿದ್ದರೆ ಹಲವು ಸಲ ಗಡ್ಡೆಯನ್ನಷ್ಟೇ ತೆಗೆಯಬಹುದು. ‘ಗರ್ಭಚೀಲ ತೆಗೆಸಿಬಿಡಿ’ ಎನ್ನುವ ಸಲಹೆಗೆ ಇವೆಲ್ಲ ಆದಮೇಲೆ ಸರದಿ. ಕೆಲವರಿಗೆ ಅದೇ ಸರಿಯಾದ ದಾರಿ, ಒಪ್ಪುತ್ತೇನೆ. ಆದರೆ ಮೂವತ್ತರ ಆಚೀಚೆಯ ಹೆಂಗಸರಿಗೂ ಅದು ಎಷ್ಟು ಸಲೀಸಾಗಿತ್ತೆಂದರೆ, ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತನ್ನಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಗರ್ಭಕೋಶ ತೆಗೆಯುವಾಗ ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳು ಬೇಗ ಬರಬಹುದು.

ಯಾವ ದಾರಿ ಹಿಡಿದರೂ ಹಿಮೋಗ್ಲೋಬಿನ್ ಪರೀಕ್ಷೆ ಬಿಡಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು.

ಇನ್ನೊಂದು ಪರೀಕ್ಷೆಯನ್ನು ಕೇಳುವವರೇ ಕಡಿಮೆ. 1926ರಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಒಂದು ದ್ವೀಪದ ಕುಟುಂಬದಲ್ಲಿ ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆಯನ್ನು ವಿವರಿಸಿದರು. ಅವರು ಪರೀಕ್ಷಿಸಿದ್ದ ಆ ಮನೆಯ ಪುಟ್ಟ ಹುಡುಗಿ ಹದಿಮೂರರ ವಯಸ್ಸಿಗೆ, ತನ್ನ ನಾಲ್ಕನೆಯ ಮುಟ್ಟಿನಲ್ಲಿ, ರಕ್ತ ನಿಲ್ಲದೆ ತೀರಿಕೊಂಡಳು. ಮೊದಲ ಮುಟ್ಟಿನಿಂದಲೇ ವಿಪರೀತ ಹೋಗುವ, ವಸಡಿನಲ್ಲೂ ಮೂಗಿನಲ್ಲೂ ರಕ್ತ ಕಾಣುವ ಹುಡುಗಿ ಮನೆಯಲ್ಲಿದ್ದರೆ ‘ವಾನ್ ವಿಲ್ಲೆಬ್ರಾಂಡ್ ಪರೀಕ್ಷೆ ಮಾಡಿಸಬೇಕೇ ಡಾಕ್ಟ್ರೇ?’ ಎಂದು ಕೇಳಿ. ಹೆಸರು ನಾಲಿಗೆಗೆ ತೊಡಕಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ.