ಬಿಎಂಸಿ ಪ್ಯಾನೆಲ್ ತೋರಿಸುವ 4 ಡಿಗ್ರಿ ನಿಜವೇ?

ಅಕ್ಕಂದಿರೇ, ಸಂಘಕ್ಕೆ ಹಾಲು ಹಾಕಿ ಮನೆಗೆ ತಿರುಗುವಾಗ ಬಿಎಂಸಿ ಪ್ಯಾನೆಲ್ ಮೇಲಿನ ಅಂಕಿ ನೋಡಿರುತ್ತೀರಿ. 4 ಇದ್ದರೆ ನಮಗೆಲ್ಲ ನೆಮ್ಮದಿ.

ನಮ್ಮ ಬಸವಕಲ್ಯಾಣ–ಹುಮನಾಬಾದ್ ಭಾಗದ ಒಂದು ಸಂಘದಲ್ಲಿ ಬೇಸಿಗೆಯಲ್ಲಿ ಎರಡು ಸಲ ಟ್ಯಾಂಕರ್ ಹಾಲು ಹುಳಿಯೆಂದು ವಾಪಸ್ ಬಂತು. ಪ್ಯಾನೆಲ್‌ನಲ್ಲಿ 4 ಇತ್ತು. ಹಾಗಾಗಿ ತಪ್ಪು ಯಾರದೋ ಕ್ಯಾನಿನದೇ ಎಂದು ಮಾತು ಬೆಳೆಯಿತು. ಒಬ್ಬ ತಾಯಿ ನಾಲ್ಕು ದಿನ ಹಾಲು ಹಾಕಲು ಬರಲಿಲ್ಲ. ನಾನು ಹೋಗಿದ್ದು ಕೆಚ್ಚಲು ಬಾವು ನೋಡಲು. ಎಮ್ಮೆಗಳೆಲ್ಲ ಚೆನ್ನಾಗಿದ್ದವು. ಅನುಮಾನದಿಂದ ತೊಟ್ಟಿಯ ಹಾಲನ್ನು ಮಗ್‌ಗೆ ತೆಗೆಸಿ ಥರ್ಮಾಮೀಟರ್ ಅದ್ದಿದೆ: 8 ಡಿಗ್ರಿ!

ಕಾರಣ, ಹೆಬ್ಬೆರಳು ಗಾತ್ರದ ಟೆಂಪರೇಚರ್ ಟ್ರಾನ್ಸ್‌ಮಿಟರ್. ತೊಟ್ಟಿಯೊಳಗಿನ ಸ್ಟೀಲ್ ಕಡ್ಡಿಯಲ್ಲಿ ಪ್ಲಾಟಿನಂ ತಂತಿ ಇರುತ್ತದೆ, ಹೆಸರು ಪಿಟಿ100. 0 ಡಿಗ್ರಿಯಲ್ಲಿ ಅದರ ರೋಧ 100 ಓಮ್, ಬಿಸಿಯಾದಂತೆ ಏರುತ್ತದೆ. ಟ್ರಾನ್ಸ್‌ಮಿಟರ್ ಅದನ್ನು 4ರಿಂದ 20 ಮಿಲಿಆಂಪ್ ಕರೆಂಟ್ ಮಾಡಿ ಪ್ಯಾನೆಲ್‌ಗೆ ಕಳಿಸುತ್ತದೆ. ಸೊನ್ನೆಯಿಂದ ಶುರು ಮಾಡದೆ 4ರಿಂದ ಮಾಡಿದ್ದು ಜಾಣತನ: ತಂತಿ ತುಂಡಾದರೆ ಕರೆಂಟ್ ಸೊನ್ನೆಯಾಗುತ್ತದೆ, ದೋಷ ತಕ್ಷಣ ಗೊತ್ತಾಗುತ್ತದೆ.

ಆ ಸಂಘದಲ್ಲಿ ಕೆಟ್ಟಿದ್ದನ್ನು ತೆಗೆದು ಹೊಸದು ಹಾಕಿದ್ದರು. ಹೊಸದರ ವ್ಯಾಪ್ತಿ 0–100 ಡಿಗ್ರಿ. ಪ್ಯಾನೆಲ್ ಮಾತ್ರ ಹಳೆಯ 0–50ರಲ್ಲೇ ಇತ್ತು. 8 ಡಿಗ್ರಿ ಹಾಲಿಗೆ 5.28 ಮಿಲಿಆಂಪ್ ಬಂದರೆ ಪ್ಯಾನೆಲ್ ಅದನ್ನು 4 ಎಂದು ಓದುತ್ತದೆ. ತಣ್ಣಗಾಯಿತೆಂದು ಕಂಪ್ರೆಸರ್ ನಿಲ್ಲುತ್ತದೆ. 4 ಡಿಗ್ರಿಯಲ್ಲೂ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿಧಾನವಾಗುತ್ತವೆ ಅಷ್ಟೇ. 8ರಲ್ಲಿ ರಾತ್ರಿಯೆಲ್ಲ ಬೆಳೆಯುತ್ತವೆ.

ಐಸ್ ನೀರಿನಲ್ಲಿ ಕಡ್ಡಿ ಇಟ್ಟು ನೋಡುವ ಪರೀಕ್ಷೆ ಒಳ್ಳೆಯದೇ, ಆದರೆ ಈ ತಪ್ಪು ಅದರಲ್ಲಿ ಸಿಗುವುದಿಲ್ಲ. ಸೊನ್ನೆಯಲ್ಲಿ ಎರಡೂ ವ್ಯಾಪ್ತಿ ಸೊನ್ನೆಯೇ. ಉಗುರುಬೆಚ್ಚಗಿನ ನೀರಿನಲ್ಲೂ ನೋಡಬೇಕು.

ಹೊಸದು ಕೊಳ್ಳುವಾಗ ವ್ಯಾಪ್ತಿ ಪ್ಯಾನೆಲ್‌ಗೆ ಹೊಂದುತ್ತದೆಯೇ ಎಂದು ಮೊದಲು ಕೇಳಿ. ಆಮೇಲೆ ಐಪಿ67 ಇದೆಯೇ ನೋಡಿ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು. ತೊಟ್ಟಿ ತೊಳೆದ ನೀರು ಅದರ ತಲೆಯೊಳಗೆ ಇಳಿದರೆ ಅಂಕಿ ಇಳಿದು ಕಾಣಬಹುದು. ಹಾಲಿಗೆ ತಾಗುವ ಭಾಗ 316 ಸ್ಟೀಲ್ ಇದ್ದರೆ ಉತ್ತಮ.

ವಾರಕ್ಕೊಮ್ಮೆ, ಹಾಲು ಕದಡುವ ಫ್ಯಾನ್ ತಿರುಗುತ್ತಿರುವಾಗ, ಒಂದು ಮಗ್ ಹಾಲು ತೆಗೆಸಿ ಬೇರೆ ಥರ್ಮಾಮೀಟರ್‌ನಿಂದ ಅಳೆಸಿ, ರಿಜಿಸ್ಟರ್‌ನಲ್ಲಿ ಎರಡೂ ಅಂಕಿ ಬರೆಸಿ. ಜ್ವರದ ಥರ್ಮಾಮೀಟರ್ ಇದಕ್ಕೆ ನಡೆಯದು. ಲಸಿಕೆ ಪೆಟ್ಟಿಗೆಯದು ನನ್ನ ಬಳಿ ಇದೆ, ಹಳ್ಳಿಗೆ ಬಂದಾಗ ಕೇಳಿ.