ಮೊಣಕಾಲು ಸೋತ ಮೇಲಿನ ವೇಷ

ಎರಡೂ ಮೊಣಕಾಲನ್ನು ನೆಲಕ್ಕೂರಿ ಗಿರಗಿರನೆ ತಿರುಗುವುದೇ ಮಂಡಿ ಕುಣಿತ. ಬಡಗುತಿಟ್ಟು ಯಕ್ಷಗಾನದಲ್ಲಿ ತರುಣ ವೀರರ ಪುಂಡುವೇಷಕ್ಕೆ ಅದು ಬೇಕೇ ಬೇಕು. ಇಪ್ಪತ್ತರ ಅಭಿಮನ್ಯುವಿಗೆ ಅದು ಸಲೀಸು. ಐವತ್ತಾದ ಕಾಲಿಗೆ? ಭಟ್ಕಳ, ಹೊನ್ನಾವರ, ಕುಮಟಾದ ಬಯಲುಗಳಲ್ಲಿ ರಾತ್ರಿಯಿಡೀ ಆಟ ನೋಡಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ.

ಯಕ್ಷಗಾನ ಇದಕ್ಕೆ ದಾರಿಯನ್ನು ಮೊದಲೇ ಮಾಡಿಟ್ಟಿದೆ. ಕೋಡಂಗಿ, ಬಾಲಗೋಪಾಲನಾಗಿ ರಂಗಕ್ಕೆ ಬಂದ ಹುಡುಗ ಸ್ತ್ರೀವೇಷ, ಪುಂಡುವೇಷ ದಾಟಿ ಪ್ರಧಾನ ಪಾತ್ರವಾದ ಎರಡನೇ ವೇಷಕ್ಕೆ ಏರುತ್ತಾನೆ. ಅಂದಿನ ಅಭಿಮನ್ಯು ಮುಂದೊಂದು ದಿನ ಭೀಷ್ಮನಾಗುತ್ತಾನೆ. ಕುಣಿತ ತಗ್ಗಿದಂತೆ ಮಾತು, ಮುಖಭಾವ ಮುಂದೆ ಬರುತ್ತವೆ. ಗೆಜ್ಜೆ ಕಟ್ಟಲಾಗದಿದ್ದರೆ ತಾಳಮದ್ದಳೆಯಿದೆ, ವೇಷವಿಲ್ಲದೆ ಕೂತೇ ಅರ್ಥ, ಅಂದರೆ ಪಾತ್ರದ ಮಾತು, ಹೇಳಬಹುದು. ಅದು ಸುಲಭದ ಕೆಲಸ ಎಂದುಕೊಂಡವರಿಗೆ ಎದುರು ಕೂತ ಅರ್ಥಧಾರಿಯೇ ಪಾಠ ಕಲಿಸುತ್ತಾನೆ!

ಹೊನ್ನಾವರ ತಾಲ್ಲೂಕಿನ ಗುಣವಂತೆಯ ಕೆರೆಮನೆ ಶಂಭು ಹೆಗಡೆ ಹಿಡಿದದ್ದು ಇನ್ನೊಂದು ದಾರಿ. ತಂದೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಅವರ ಕೈಗೆ ಬಂದಿತ್ತು. ಆದರೆ ಕಾಲ ಬದಲಾಗುತ್ತಿತ್ತು. ಬೆಳಗಿನವರೆಗೆ ಕೂರುವ ಪ್ರೇಕ್ಷಕ ಕಡಿಮೆಯಾಗಿ, ಮೂರು ಗಂಟೆಯ ಕಾಲಮಿತಿ ಪ್ರಯೋಗಗಳು ಬರುತ್ತಿದ್ದವು. 1986ರಲ್ಲಿ, ತಮ್ಮ 48ರ ಸುಮಾರಿಗೆ, ಶಂಭು ಹೆಗಡೆ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರ ತೆರೆದು ಗುರುವಾದರು. ಹಾಗೆಂದು ಬಣ್ಣ ಬಿಡಲಿಲ್ಲ. ಅಬ್ಬರವಿಲ್ಲದ ಅವರ ರಾಮ, ಕರ್ಣ, ಹರಿಶ್ಚಂದ್ರರನ್ನು ನೋಡಿದವರು ಇಂದಿಗೂ ನೆನೆಯುತ್ತಾರೆ.

ಇದೇ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಪೂರ್ತಿ ಬೇರೆ. ವಯಸ್ಸಿಗೆ ತಕ್ಕ ವೇಷ ಎಂಬ ಮಾತಿಗೆ ಅವರು ಅಷ್ಟಾಗಿ ಕಿವಿಗೊಡಲಿಲ್ಲ. ಕೀಚಕ, ಭಸ್ಮಾಸುರ, ದುಷ್ಟಬುದ್ಧಿ, ಎಲ್ಲವೂ ಮೈ ಬೇಡುವ ಪಾತ್ರಗಳೇ. 2012ರಲ್ಲಿ ಪದ್ಮಶ್ರೀ ಬಂದಾಗ ಎಂಬತ್ತರ ಹೊಸ್ತಿಲಲ್ಲಿದ್ದರು, ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಎಲ್ಲರಿಗೂ ಇದು ಸಾಧ್ಯವೆಂದು ಹೇಳುವುದು ಮೋಸವಾದೀತು. ಮೈ ಒಪ್ಪದ ಹತ್ತಾರು ಕಲಾವಿದರಿಗೆ ಶಂಭು ಹೆಗಡೆಯವರ ದಾರಿಯೇ ಹೆಚ್ಚು ಹತ್ತಿರ.

ಚಿಟ್ಟಾಣಿ 2017ರ ಅಕ್ಟೋಬರ್ 3ರಂದು ತೀರಿಕೊಂಡರು. ಅದಕ್ಕೂ ಮೊದಲೇ, 2009ರ ಫೆಬ್ರವರಿ 3ರಂದು, ಶಂಭು ಹೆಗಡೆ ಇಡಗುಂಜಿಯಲ್ಲಿ ವೇಷ ಕಟ್ಟಿದ ಬೆನ್ನಲ್ಲೇ ಕಣ್ಣು ಮುಚ್ಚಿದ್ದರು. ಅವರ ಮಗ ಶಿವಾನಂದ ಹೆಗಡೆ ಈಗ ಮೇಳ ನಡೆಸುತ್ತಿದ್ದಾರೆ. 2024ರಲ್ಲಿ ಅದಕ್ಕೆ ಯುನೆಸ್ಕೋ ಮಾನ್ಯತೆಯೂ ಸಿಕ್ಕಿದೆ. ಹೊನ್ನಾವರದಿಂದ ಭಟ್ಕಳದ ಕಡೆ ಹೊರಟವರು ಈ ಮೇಳದ ಊರಾದ ಗುಣವಂತೆಯಲ್ಲೊಮ್ಮೆ ಇಳಿಯಬಹುದು.